ವಿತ್‌ಡ್ರಾಯಲ್ ಅಂದರೆ ಏನು?

ಬೆಳಗ್ಗೆ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಬಾಯನ್ನೇ ಲೋಟದ ಹತ್ತಿರ ತರುವವರನ್ನು ನೋಡಿದ್ದೀರಾ? ಲೋಟ ಎತ್ತಿದರೆ ಟೀ ಚೆಲ್ಲುತ್ತದೆ, ಅಷ್ಟು ನಡುಕ. ಒಂದು ನೈಂಟಿ ಹಾಕಿದರೆ ನಡುಕ ನಿಲ್ಲುತ್ತದೆ. ದಿನಾ ಕುಡಿಯುವವರಿಗೆ ಮದ್ಯ ನಿಂತಾಗ ಹೀಗಾಗುವುದಕ್ಕೇ ಡಾಕ್ಟರುಗಳು ವಿತ್‌ಡ್ರಾಯಲ್ ಅನ್ನುತ್ತಾರೆ. ಮನೆಯವರು ಮಾತ್ರ ಎಷ್ಟೋ ಸಲ ‘ನಾಟಕ’ ಅಂದುಬಿಡುತ್ತಾರೆ. ಅದು ನಾಟಕ ಅಲ್ಲ.

ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ದಿನಾ ಜಾಸ್ತಿ ಕುಡಿಯುವವರ ಮಿದುಳು ಎಚ್ಚರವಾಗಿರಲು ಅದರ ಎದುರು ಒತ್ತುತ್ತಲೇ ಇರುತ್ತದೆ. ಒಂದೇ ಬಾಗಿಲನ್ನು ಆಚೆಯಿಂದ ಒಬ್ಬರು, ಈಚೆಯಿಂದ ಒಬ್ಬರು ತಳ್ಳಿದ ಹಾಗೆ. ಒಬ್ಬರು ಥಟ್ಟನೆ ಕೈಬಿಟ್ಟರೆ ಇನ್ನೊಬ್ಬರು ಮುಗ್ಗರಿಸುತ್ತಾರೆ, ಅಲ್ವಾ? ಮದ್ಯ ಥಟ್ಟನೆ ನಿಂತಾಗ ಮಿದುಳಿನ ಗತಿಯೂ ಅದೇ.

ಕೊನೆಯ ಸಲ ಕುಡಿದ ಆರೆಂಟು ಗಂಟೆಗೆ ನಡುಕ, ಬೆವರು, ವಾಕರಿಕೆ ಶುರು. ನಿದ್ದೆ ಹತ್ತುವುದಿಲ್ಲ. ಮೊದಲ 2 ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. 2ರಿಂದ 4ನೇ ದಿನದ ಹೊತ್ತಿಗೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ, ಹೆಂಡತಿ ಮಕ್ಕಳ ಗುರುತೇ ಸಿಗುವುದಿಲ್ಲ. ಇದು ಡೆಲಿರಿಯಂ ಟ್ರೆಮೆನ್ಸ್. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸುತ್ತಾ ಕೂತರೆ ಜೀವವೇ ಹೋಗಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ.

ನಮ್ಮಲ್ಲಿ ಅಯ್ಯಪ್ಪನ ಮಾಲೆ ಹಾಕಿದ ದಿನ, ದೇವರ ಮುಂದೆ ಆಣೆ ಮಾಡಿದ ದಿನ ಒಂದೇ ಏಟಿಗೆ ಬಿಡುವವರು ಬಹಳ. ಆ ಮನಸ್ಸು ದೊಡ್ಡದು. ನನ್ನ ಕೋರಿಕೆ ಇಷ್ಟೇ: ದಿನಾ ಜಾಸ್ತಿ ಕುಡಿಯುತ್ತಿದ್ದರೆ ಮಾಲೆ ಹಾಕುವ ಮೊದಲೇ ಡಾಕ್ಟರನ್ನು ಕಾಣಿ. ಕೆಲವು ದಿನ ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಡೋಸ್ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್. ‘ಸುಸ್ತು, ಒಂದು ಗ್ಲೂಕೋಸ್ ಏರಿಸಿ’ ಅಂತ ಸುಮ್ನೆ ಕೇಳಬೇಡಿ. ಥಯಾಮಿನ್ ಇಲ್ಲದ ಬರೀ ಗ್ಲೂಕೋಸ್ ಇಂಥವರ ಮಿದುಳಿಗೆ ಅಪಾಯ ತರಬಹುದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ ಮುಂದೆ ಕೂತಾಗ ಮೂರು ವಿಷಯ ಮುಚ್ಚಿಡಬೇಡಿ. ದಿನಕ್ಕೆ ಎಷ್ಟು ಕ್ವಾರ್ಟರ್, ಕೊನೆಗೆ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ. ನಾಚಿಕೆಗೆ ಮೂರು ಕ್ವಾರ್ಟರನ್ನು ಒಂದು ಅಂತ ಹೇಳಿದರೆ, ಡಾಕ್ಟರು ಕೊಡುವ ಮಾತ್ರೆಯೂ ಒಂದು ಕ್ವಾರ್ಟರಿನ ಲೆಕ್ಕಕ್ಕೇ ಇರುತ್ತದೆ.