ಒಂದು ಬಿಟ್ ಕೂಡ ಕಳೆಯದೆ

ಅಜ್ಜಿ ಹಾಡಿದ ಸೋಬಾನೆ ಪದಗಳ ಕ್ಯಾಸೆಟ್ ಒಂದು ನಮ್ಮ ಮನೆಯಲ್ಲಿತ್ತು. ಕಂಪ್ಯೂಟರಿಗೆ ಹಾಕಿಸುವಾಗ ಜಾಗ ಉಳಿಯಲಿ ಎಂದು 128 ಕೆಬಿಪಿಎಸ್‌ನ ಎಂಪಿ3 ಮಾಡಿಸಿದೆವು. ಮುಂದೆ ಒಂದು ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯಿತು. ಈಗ ಉಳಿದಿರುವುದು ಆ ಎಂಪಿ3 ಮಾತ್ರ. ಹೆಡ್‌ಫೋನ್ ಹಾಕಿ ಕೇಳಿದರೆ ಅವಳ ಬಳೆಯ ಸದ್ದು ನೀರಿನೊಳಗಿಂದ ಬಂದ ಹಾಗಿದೆ.

ನಮ್ಮ ಕಿವಿ ಗಮನಿಸಲಾರದು ಎಂದು ಅಂದಾಜಿಸಿದ್ದನ್ನು ಎಂಪಿ3 ತೆಗೆದುಹಾಕುತ್ತದೆ. ಹೋದದ್ದು ಹೋಯಿತು. ಅದನ್ನೇ ಆಮೇಲೆ, ಧ್ವನಿಯನ್ನು ನಷ್ಟವಿಲ್ಲದೆ ಉಳಿಸುವ ಕಡತದ ಬಗೆಯಾದ ಫ್ಲ್ಯಾಕ್‌ಗೆ ಬದಲಿಸಿದರೆ ಕಡತ ದಪ್ಪವಾಗುತ್ತದೆ, ಬಳೆ ಮರಳಿ ಬರುವುದಿಲ್ಲ.

ಹಾಗಾದರೆ ಏನನ್ನೂ ಬಿಸಾಡದೆ ಗಾತ್ರ ಇಳಿಸುವುದು ಹೇಗೆ? ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 0 ಅಥವಾ 1 ಆಗಿರುವ 16 ಬಿಟ್‌ಗಳಲ್ಲಿ ಬರೆದಿರುತ್ತಾರೆ. ಎಡ, ಬಲ ಎರಡೂ ಸೇರಿ ನಿಮಿಷಕ್ಕೆ ಸುಮಾರು 10 ಎಂಬಿ. ಈ ಅಳತೆಗಳು ಮನಸ್ಸಿಗೆ ಬಂದಂತೆ ಕುಣಿಯುವುದಿಲ್ಲ. 100, 110 ಆದ ಮೇಲೆ ಏನು ಬರಬಹುದು? ಅದೇ ಓಟದಲ್ಲಿ ಹೋದರೆ 120. ನಿಜಕ್ಕೂ ಬಂದದ್ದು 119 ಆದರೆ, ಫ್ಲ್ಯಾಕ್ ಬರೆದಿಡುವುದು ‘ಒಂದು ಕಡಿಮೆ’ ಎಂಬ ತಪ್ಪನ್ನಷ್ಟೇ. ಸಣ್ಣ ಸಂಖ್ಯೆಗೆ ಸಾಕಾಗುವುದು ಕೆಲವೇ ಬಿಟ್. ಕೇಳುವಾಗ ಪ್ಲೇಯರ್ ಅದೇ ಊಹೆ ಮಾಡಿ, ತಪ್ಪನ್ನು ಕೂಡಿಸಿ, 119ನ್ನೇ ಮರಳಿ ಪಡೆಯುತ್ತದೆ. ಎಷ್ಟು ಚೆಂದದ ಉಪಾಯ!

ಒಂಟಿ ತಂಬೂರಿಯ ಶ್ರುತಿಯನ್ನು ಹೀಗೆ ಊಹಿಸುವುದು ಸುಲಭ. ಕ್ಯಾಸೆಟ್ಟಿನ ‘ಸ್ಸ್’ ಎನ್ನುವ ಸದ್ದಿಗೆ ಮಾತ್ರ ಹಿಂದುಮುಂದಿಲ್ಲ, ಊಹೆಗೆ ಸಿಗುವುದಿಲ್ಲ. ಹಳೆಯ ಟೇಪಿನ ಫ್ಲ್ಯಾಕ್ ಕಡತ ನಿರೀಕ್ಷಿಸಿದಷ್ಟು ಸಣ್ಣದಾಗದಿದ್ದರೆ ಕಾರಣ ಅದೇ; ಸದ್ದೂ ಬಿಡದಂತೆ ಉಳಿದಿದೆ ಎಂದರ್ಥ.

ಆಯ್ಕೆಯ ವಿಷಯಕ್ಕೆ ಬಂದರೆ ನನ್ನ ಓಟು ಫ್ಲ್ಯಾಕ್‌ಗೆ. 2001ರಲ್ಲಿ ಮೊದಲ ಪೂರ್ಣ ಆವೃತ್ತಿ ಬಂದಾಗಿನಿಂದ ಅದು ಎಲ್ಲರಿಗೂ ಮುಕ್ತ. 2024ರಲ್ಲಿ ಅಂತರ್ಜಾಲದ ಅಧಿಕೃತ ಮಾನದಂಡಗಳ ಸಾಲಿಗೂ ಸೇರಿತು. ಐಫೋನಿನ ಮ್ಯೂಸಿಕ್ ಆ್ಯಪ್‌ನಲ್ಲೇ ಕೇಳುವವರಿಗೆ ಆಪಲ್‌ನ ಅಲ್ಯಾಕ್ ಅನುಕೂಲ. 2011ರಿಂದ ಅದೂ ಮುಕ್ತ. ಎರಡೂ ನಷ್ಟವಿಲ್ಲದವು, ಇದರಿಂದ ಅದಕ್ಕೆ ಎಷ್ಟು ಸಲ ಬದಲಿಸಿದರೂ ಅಳತೆಗಳು ಅವೇ. ಹಾಗಾಗಿ ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಧ್ವನಿಯನ್ನು ಕುಗ್ಗಿಸದೆ ಇಡುವ ವೇವ್ ಕಡತ ಶುದ್ಧವೇ, ಆದರೆ ಹಾಡುಗಾರರ ಹೆಸರು, ರಾಗ ಇವನ್ನೆಲ್ಲ ಅದರೊಳಗೆ ಬರೆದಿಟ್ಟರೆ ಹಲವು ಪ್ಲೇಯರುಗಳು ಓದುವುದಿಲ್ಲ. ಫ್ಲ್ಯಾಕ್‌ನಲ್ಲಿ 0ಯಿಂದ 8ರವರೆಗೆ ಹಂತಗಳಿವೆ. 8 ಅಂದರೆ ಧ್ವನಿ ಚೆನ್ನಾಗಿರುತ್ತದೆ ಎಂದಲ್ಲ, ಕಡತವನ್ನು ಕುಗ್ಗಿಸಲು ಕಂಪ್ಯೂಟರ್ ಹೆಚ್ಚು ಹೆಣಗುತ್ತದೆ ಅಷ್ಟೆ.

ನನಗೆ ಎಲ್ಲಕ್ಕಿಂತ ಧೈರ್ಯ ಕೊಡುವುದು ಬೇರೆಯೇ ಒಂದು ಸಂಗತಿ. ಮೂಲ ಧ್ವನಿಯಿಂದ ಲೆಕ್ಕಹಾಕಿದ ಎಂಡಿ5 ಎಂಬ ಗುರುತು ಫ್ಲ್ಯಾಕ್ ಕಡತದೊಳಗೇ ಇರುತ್ತದೆ. ವರ್ಷಗಳ ನಂತರ ಪರೀಕ್ಷಿಸಿದಾಗ ಅದು ತಾಳೆಯಾಗದಿದ್ದರೆ ಕಡತ ಎಲ್ಲೋ ಕೆಟ್ಟಿದೆ ಎಂದು ತಿಳಿಯುತ್ತದೆ, ಇನ್ನೊಂದು ಡಿಸ್ಕಿನ ಪ್ರತಿಯಿಂದ ಸರಿಪಡಿಸಬಹುದು.

ಈಗ ಅತ್ತೆಯ ಕ್ಯಾಸೆಟ್ಟುಗಳ ಸರದಿ. ಮೊದಲನೆಯದು ಮೊನ್ನೆ ಮುಗಿಯಿತು. ಪದ ಶುರುವಾಗುವ ಮುಂಚೆ ಅವರು ಕೆಮ್ಮಿ, ‘ಒತ್ತಿದ್ಯಾ?’ ಎಂದು ಕೇಳುತ್ತಾರೆ. ಅದನ್ನೂ ಕತ್ತರಿಸಿಲ್ಲ.