"ಆರಾಮ ಐತ್ರಿ ಸರ" ಅಂದರೆ ನನಗೇನು ತಿಳಿಯಬೇಕು?

ಹುಡುಗ ಕುಂಟುತ್ತಾ ಒಳಗೆ ಬರುತ್ತಾನೆ. "ಕಾಲು ಹೇಗಿದೆಯಪ್ಪಾ?" ಅಂತ ಕೇಳುತ್ತೇನೆ. "ಆರಾಮ ಐತ್ರಿ ಸರ" ಅನ್ನುತ್ತಾನೆ. ಹಿಂದೆಯೇ ಬಂದ ಅಪ್ಪ ಕುರ್ಚಿ ಎಳೆದುಕೊಂಡು ಕೂತು, "ಕಾಲಿಗೆ ಏನಾಗಿಲ್ರಿ. ಮನಸು ಗಟ್ಟಿ ಇಲ್ಲ ಇವಂದು. ನೀವೊಂದಿಷ್ಟು ಧೈರ್ಯ ಹೇಳ್ರಿ" ಅನ್ನುತ್ತಾರೆ.

ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಇಂಥ ಅಪ್ಪ-ಮಗ ವಾರಕ್ಕೆ ಎರಡು ಮೂರು ಜೋಡಿಯಾದರೂ ಬರುತ್ತಾರೆ. ಕಬಡ್ಡಿ ಹುಡುಗರು, ಓಟದ ಹುಡುಗಿಯರು, ಗರಡಿಮನೆಯ ಪೈಲ್ವಾನರು. ನಾನು ಫಿಸಿಯೊಥೆರಪಿಸ್ಟ್. ಧೈರ್ಯ ಹೇಳುವುದು ನನ್ನ ಕೆಲಸವಲ್ಲ. ಅಷ್ಟಕ್ಕೂ ಈ ಮಕ್ಕಳಿಗೆ ಧೈರ್ಯ ಕಡಿಮೆ ಇರುವುದನ್ನು ನಾನು ನೋಡಿಯೇ ಇಲ್ಲ.

ಕಷ್ಟಪಡುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಗದಗಿನ ಕ್ರಿಕೆಟಿಗ ಸುನಿಲ್ ಜೋಶಿ ಹುಡುಗನಾಗಿದ್ದಾಗ ದಿನಾ ಮುಂಜಾನೆ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಗದಗಿಗೆ ಹೋಗುತ್ತಿದ್ದರು. ಅದೇ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿಗೆ ಬರೀ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಈಗಲೂ ಅಷ್ಟೇ, ಐದರ ಬಸ್ ಹಿಡಿದು ಮೈದಾನಕ್ಕೆ ಬರುವ ಮಕ್ಕಳಿದ್ದಾರೆ. ಇವರಿಗೆ ಯಾರೂ ಕಲಿಸದೇ ಇರುವುದು ಬೇರೆ. ತಮ್ಮ ಮೈಯಲ್ಲಿ ಏನಾಗುತ್ತಿದೆ ಅಂತ ಗಮನಿಸುವುದು, ಗಮನಿಸಿದ್ದನ್ನು ಇದ್ದ ಹಾಗೆ ಹೇಳುವುದು.

ಇಷ್ಟು ಹೇಳಿದ ಕೂಡಲೇ ಅಪ್ಪಂದಿರು ಮೊಬೈಲ್ ತೆಗೆಯುತ್ತಾರೆ. "ಕೈ ಮುರಿದರೂ ನೀರಜ್ ಚೋಪ್ರಾ ಜಾವೆಲಿನ್ ಎಸೆಯಲಿಲ್ಲೇನ್ರಿ?"

ಎಸೆದರು, ನಿಜ. 2024ರ ಬ್ರಸೆಲ್ಸ್ ಡೈಮಂಡ್ ಲೀಗ್ ಫೈನಲ್. 87.86 ಮೀಟರ್, ಒಂದೇ ಒಂದು ಸೆಂಟಿಮೀಟರಿನಲ್ಲಿ ಎರಡನೇ ಸ್ಥಾನ. ಆದರೆ ಮುರಿದದ್ದು ಎಡಗೈ ಎಲುಬು, ಅವರು ಎಸೆಯುವುದು ಬಲಗೈಯಲ್ಲಿ. ಎಕ್ಸ್-ರೇ ಆಗಿತ್ತು. ಎಲ್ಲಿ ಮುರಿದಿದೆ ಅಂತ ಅವರಿಗೂ ಗೊತ್ತಿತ್ತು, ಅವರ ತಂಡಕ್ಕೂ ಗೊತ್ತಿತ್ತು. ಗೊತ್ತಿದ್ದೇ ಇಳಿದರು.

ಅದೇ ನೀರಜ್ 2022ರ ಜುಲೈನಲ್ಲಿ ಏನು ಮಾಡಿದರು ಅಂತ ಯಾರೂ ನನಗೆ ತೋರಿಸಲು ಬರುವುದಿಲ್ಲ. ಯೂಜೀನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಾಲ್ಕನೇ ಎಸೆತ 88.13 ಮೀಟರ್ ಹೋಯಿತು, ಬೆಳ್ಳಿ ಬಂತು. ಆ ಎಸೆತದ ನಂತರ ತೊಡೆಯಲ್ಲಿ ಏನೋ ಸರಿ ಇಲ್ಲ ಅನಿಸಿತು ಅಂತ ಅವರೇ ಹೇಳಿದರು. ಸ್ಕ್ಯಾನ್ ಆಯಿತು, ತೊಡೆಸಂದಿನಲ್ಲಿ ಗಾಯ. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಇನ್ನು ಕೆಲವೇ ದಿನ ಇತ್ತು. 2018ರಲ್ಲಿ ಅಲ್ಲಿ ಚಿನ್ನ ಗೆದ್ದವರೇ ಅವರು. ಹೋಗಲಿಲ್ಲ. ಆಗಸ್ಟ್ 26ಕ್ಕೆ ಲೌಸಾನ್‌ನಲ್ಲಿ 89.08 ಮೀಟರ್ ಎಸೆದು ಗೆದ್ದರು. ಬೆಳ್ಳಿ ಪದಕ ಕೊರಳಲ್ಲಿರುವಾಗ "ತೊಡೆ ಹಿಡಿದಿದೆ" ಅಂತ ಬಾಯಿಬಿಟ್ಟು ಹೇಳುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು, ಯೋಚಿಸಿ.

ನಾನು ಹೇಳಿ ಹೇಳಿ ಸೋತಿರುವ ವಿಷಯ ಇಷ್ಟೇ: ದಣಿವು ಬೇರೆ, ನೋವು ಬೇರೆ, ನೋವಿನಲ್ಲೂ ನಾಲ್ಕಾರು ಬಗೆ ಇವೆ. ಹೊಸ ವ್ಯಾಯಾಮ ಮಾಡಿದ ಮರುದಿನ ಎರಡೂ ತೊಡೆ ಬಿಗಿದುಕೊಂಡು, ಎರಡು ಮೂರು ದಿನದಲ್ಲಿ ತಾನೇ ಇಳಿದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ನೋಯುತ್ತದೆ, ಮೈ ಬಿಸಿಯಾದ ಮೇಲೆ ಮಾಯವಾಗುತ್ತದೆ, ಮರುದಿನ ಮುಂಜಾನೆ ಮತ್ತೆ ಹಾಜರ್. ಇದು ಹೆಚ್ಚಾಗಿ ಸ್ನಾಯುರಜ್ಜುವಿನ, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಯ ತಕರಾರು. ಪೂರ್ತಿ ಮಲಗಿದರೂ ಗುಣವಾಗುವುದಿಲ್ಲ, ಜಿಗಿಯುತ್ತಲೇ ಇದ್ದರೂ ಗುಣವಾಗುವುದಿಲ್ಲ. ಭಾರವನ್ನು ಅಳೆದು ಕೊಡಬೇಕು. ಇನ್ನೊಂದು ಬಗೆ ಓಡಿದಷ್ಟೂ ಏರುತ್ತದೆ. ಬೆರಳಿಟ್ಟು ತೋರಿಸುವಂತೆ ಒಂದೇ ಜಾಗದಲ್ಲಿ ಇರುತ್ತದೆ, ಕೆಲವೊಮ್ಮೆ ರಾತ್ರಿ ನಿದ್ದೆಯಿಂದಲೂ ಎಬ್ಬಿಸುತ್ತದೆ. ಅದಕ್ಕೆ ನಾನು ಹೆದರುತ್ತೇನೆ. ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಶುರುವಿನಲ್ಲಿ ಎಕ್ಸ್-ರೇಯಲ್ಲಿ ಅದು ಎಷ್ಟೋ ಸಲ ಕಾಣುವುದೇ ಇಲ್ಲ, ಎಂ.ಆರ್.ಐ. ಬೇಕಾಗುತ್ತದೆ. ಇದನ್ನು ಓದಿ ಮನೆಯಲ್ಲೇ ತೀರ್ಮಾನ ಮಾಡಬೇಡಿ, ತೋರಿಸಿ. ಆದರೆ ತೋರಿಸಲು ಬಂದಾಗ ನಾನು ಕೇಳುವುದು ಇದನ್ನೇ: ಎಲ್ಲಿ, ಯಾವಾಗ, ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಡಿಮೆ. ಇದಕ್ಕೆಲ್ಲ "ಆರಾಮ ಐತ್ರಿ" ಅಂದರೆ ನಾನು ಏನು ಮಾಡಲಿ?

ಧಾರವಾಡದ ಕಡೆಯ ಒಬ್ಬ ಹಿರಿಯ ಪೈಲ್ವಾನರು ಭುಜದ ನೋವಿಗೆ ನನ್ನ ಹತ್ತಿರ ಬರುತ್ತಾರೆ. ಕುಸ್ತಿ ಬಿಟ್ಟು ಮೂವತ್ತು ವರ್ಷವಾಯಿತು. ತಾವು ಸೋತ ಒಂದು ಕುಸ್ತಿಯ ಕಥೆ ಹೇಳಿದರು. "ಎಡಗಾಲು ಅರ್ಧ ಗೇಣು ಜಾಸ್ತಿ ಮುಂದ ಇಟ್ಟೆ. ಉಸಿರು ಬಿಡೋ ಹೊತ್ತಿನಾಗ ಅಂವ ಒಳಗ ಹೊಕ್ಕ." ಅಷ್ಟೇ. ಮಣ್ಣು ಸರಿ ಇರಲಿಲ್ಲ, ಪಂಚ ಅವನ ಕಡೆ ಇದ್ದ, ಅಂಥದ್ದೊಂದು ಮಾತೂ ಇಲ್ಲ. ಅವರ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರು, ಸೋತವನನ್ನು ಬೈಯುವ ಮೊದಲು "ಏನಾತು ಹೇಳು" ಅಂತ ಕೇಳುತ್ತಿದ್ದರಂತೆ. ಹೇಳಲು ಬಾರದವನಿಗೆ ಮಾರನೇ ದಿನ ಕುಸ್ತಿ ಆಡಲು ಜೋಡಿ ಕೊಡುತ್ತಿರಲಿಲ್ಲವಂತೆ. ಆ ವಸ್ತಾದರನ್ನು ನಾನು ನೋಡಿಲ್ಲ. ನೋಡಬೇಕಿತ್ತು ಅನಿಸುತ್ತದೆ.

ಈಗ ಮೈದಾನದಲ್ಲಿ ನೋಡಿ. ಓಟ ಮುಗಿದ ಕೂಡಲೇ ಮಗು ಅಪ್ಪನ ಮುಖ ನೋಡುತ್ತದೆ. ಅಪ್ಪನ ಮುಖದಲ್ಲಿ ಇರುವುದೇ ಅದಕ್ಕೆ ಫಲಿತಾಂಶ. ತನ್ನ ಕಾಲು ಏನು ಹೇಳಿತು ಅಂತ ಕೇಳಿಸಿಕೊಳ್ಳಲು ಅದಕ್ಕೆ ಹೊತ್ತೆಲ್ಲಿ?

ಶಿಗ್ಗಾವಿ ಕಡೆಯ ಒಬ್ಬಳು ಹುಡುಗಿ, 1500 ಮೀಟರ್ ಓಟಗಾರ್ತಿ. ಹೋದ ವರ್ಷ ನನ್ನ ಹತ್ತಿರ ಬಂದಾಗ ಆರು ವಾರದಿಂದ ಕಾಲು ನೋವಿತ್ತು. ಆರು ವಾರವೂ "ಆರಾಮ ಐತ್ರಿ" ಅಂದಿದ್ದಳು. ಒಂಟಿ ಕಾಲಲ್ಲಿ ಜಿಗಿ ಅಂದೆ. ಜಿಗಿದಳು, ತುಟಿ ಕಚ್ಚಿಕೊಂಡಳು. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಒಂದೇ ಬೆರಳಿಟ್ಟು ಒತ್ತಿದೆ. ಕಣ್ಣಲ್ಲಿ ನೀರು. ಎಂ.ಆರ್.ಐ.ನಲ್ಲಿ ಬಿರುಕು ಕಂಡಿತು. ಇಡೀ ಸೀಸನ್ ಹೋಯಿತು. "ಯಾಕವ್ವಾ ಹೇಳಲಿಲ್ಲ?" ಅಂದರೆ, "ಹೇಳಿದ್ರ ಟೀಮಿನಿಂದ ತೆಗೀತಾರ್ರಿ" ಅಂದಳು. ಆ ಹೆದರಿಕೆ ಸುಳ್ಳಲ್ಲ. ಅದಕ್ಕೇ ನಾನು ಮಕ್ಕಳ ಮೇಲೆ ಸಿಟ್ಟು ಮಾಡುವುದಿಲ್ಲ, ದೊಡ್ಡವರ ಮೇಲೆ ಮಾಡುತ್ತೇನೆ.

ಅವಳಿಗೆ ಒಂದು ನೋಟ್‌ಬುಕ್ ಕೊಟ್ಟೆ. ದಿನಕ್ಕೆ ಮೂರು ಸಾಲು ಸಾಕು. ಎಷ್ಟು ತಾಸು ನಿದ್ದೆ. ಎಷ್ಟು ನಿಮಿಷ ಪ್ರಾಕ್ಟೀಸ್, ಅದು ಹತ್ತಕ್ಕೆ ಎಷ್ಟು ಕಠಿಣ ಅನಿಸಿತು. ಎಲ್ಲಿ ಏನು ಅನಿಸಿತು. ನಿಮಿಷವನ್ನು ಆ ಅಂಕದಿಂದ ಗುಣಿಸಿದರೆ ಆ ದಿನದ ಭಾರ ಸಿಗುತ್ತದೆ. 60 ನಿಮಿಷಕ್ಕೆ 7 ಅಂದರೆ 420. ಒಂದು ವಾರ ಈ ಲೆಕ್ಕ ಒಮ್ಮೆಲೇ ಏರಿತು ಅಂದರೆ ನಾನು ಕೋಚ್‌ಗೆ ಫೋನ್ ಮಾಡುತ್ತೇನೆ. ಮೊದಲ ತಿಂಗಳು ಎಲ್ಲ ದಿನವೂ 5 ಅಂತ ಬರೆದಿದ್ದಳು, ಮೂರನೇ ಸಾಲಿನಲ್ಲಿ ಮತ್ತದೇ "ಆರಾಮ". ಆ ಪದ ಬರೆಯಬಾರದು ಅಂತ ಹೇಳಬೇಕಾಯಿತು.

ಹೋದ ವಾರ ನೋಟ್‌ಬುಕ್ ತಂದಳು. ಮಂಗಳವಾರದ ಪುಟದಲ್ಲಿ ಬರೆದಿತ್ತು: "ಬಲಗಾಲು, ಹೊರಗಿನ ಕಡೆ, ಆರನೇ ರೌಂಡಿಗೆ ಹಿಡೀತು. ಒಂದು ಕಡೆ ಅಲ್ಲ, ಗೇಣುದ್ದ. ಓಡೋದು ಬಿಟ್ಟು ನಡೆದೆ. ಮುಂಜಾನೆ ಇರಲಿಲ್ಲ." ಒತ್ತಿ ನೋಡಿದೆ, ಜಿಗಿಸಿ ನೋಡಿದೆ. ನಾಳೆ ಐದು ರೌಂಡ್ ಓಡು, ಆರನೆಯದು ಬೇಡ ಅಂದೆ.