ರೈಟ್ ಸಹೋದರರ ಪತ್ರಗಳು ಓದುಗರ ಕೈ ಸೇರಿದ ಬಗೆ

ಮೊದಲು ಹಾರಿದವರು ಯಾರು ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ಕೊನೆಗೆ ಬಂದು ನಿಲ್ಲುವುದು ಕಾಗದಪತ್ರಗಳ ಮುಂದೆಯೇ. ಅಮೆರಿಕದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಅವರ ವಿಷಯದಲ್ಲಿ ಆ ಕಾಗದಗಳು ಒಂದೇ ಸೂರಿನಡಿ ಇಲ್ಲ. ಬಹುಪಾಲು ಪತ್ರಗಳು ಮತ್ತು ಟಿಪ್ಪಣಿ ಪುಸ್ತಕಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ತಂದೆ ಮಿಲ್ಟನ್ ರೈಟ್ ಅವರ ದಿನಚರಿಗಳು 1975ರಲ್ಲಿ ಸಹೋದರರ ಊರಾದ, ಒಹಾಯೋ ರಾಜ್ಯದ ಡೇಟನ್ ಸಮೀಪದ ರೈಟ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದವು. ಪೇಟೆಂಟ್ ಕಡತ ಅಮೆರಿಕ ಸರ್ಕಾರದ ರಾಷ್ಟ್ರೀಯ ದಾಖಲೆ ಸಂಗ್ರಹದ ಸೊತ್ತು. ಹೀಗೆ ಹಂಚಿಹೋಗಿರುವುದರಿಂದಲೂ, ಇವುಗಳಲ್ಲಿ ಮುಖ್ಯವಾದವು ದಶಕಗಳ ಕಾಲ ಖಾಸಗಿಯಾಗಿಯೇ ಉಳಿದಿದ್ದರಿಂದಲೂ, ವಿಮಾನದ ಆರಂಭದ ಇತಿಹಾಸ ಇರಬೇಕಾದುದಕ್ಕಿಂತ ಹೆಚ್ಚು ಗೋಜಲಾಗಿದೆ.

ಕತೆ ಶುರುವಾಗುವುದೇ ಒಂದು ಪತ್ರದಿಂದ. 1899ರ ಮೇ 30ರಂದು ವಿಲ್ಬರ್ ತಮ್ಮ ಸೈಕಲ್ ಅಂಗಡಿಯ ಹೆಸರು ಅಚ್ಚಾದ ಹಾಳೆಯ ಮೇಲೆ ವಾಷಿಂಗ್ಟನ್ನಿನ ವಿಜ್ಞಾನ ಮತ್ತು ವಸ್ತುಸಂಗ್ರಹಾಲಯ ಸಂಸ್ಥೆಯಾದ ಸ್ಮಿತ್ಸೋನಿಯನ್‌ಗೆ ಬರೆದು, ಹಾರಾಟದ ಬಗ್ಗೆ ಅಲ್ಲಿರುವ ಪ್ರಕಟಣೆಗಳನ್ನು ಕಳುಹಿಸುವಂತೆಯೂ, ಇಂಗ್ಲಿಷಿನಲ್ಲಿ ಬಂದಿರುವ ಇತರ ಪುಸ್ತಕಗಳ ಪಟ್ಟಿ ಕೊಡುವಂತೆಯೂ ಕೇಳಿಕೊಂಡರು. ತಾವು ಉತ್ಸಾಹಿಯೇ ಹೊರತು ತಲೆಕೆಟ್ಟವರಲ್ಲ ಎಂಬ ಮಾತನ್ನೂ ಸೇರಿಸಿದರು. ಹಾರುವ ಯಂತ್ರದ ಮಾತೆತ್ತಿದವರನ್ನು ಜನ ಆಗ ಹೇಗೆ ನೋಡುತ್ತಿದ್ದರೆಂಬುದು ಆ ಒಂದು ಮಾತಿನಲ್ಲೇ ತಿಳಿಯುತ್ತದೆ. ಸಂಸ್ಥೆ ಕೆಲವೇ ದಿನಗಳಲ್ಲಿ ಕಿರುಹೊತ್ತಗೆಗಳನ್ನೂ ಪಟ್ಟಿಯನ್ನೂ ಕಳುಹಿಸಿಕೊಟ್ಟಿತು.

ಆದರೆ ಇಡೀ ಸಂಗ್ರಹದ ಜೀವಾಳವಿರುವುದು ಷಿಕಾಗೋದ ಆಕ್ಟೇವ್ ಶನೂಟ್ ಅವರೊಂದಿಗೆ ಹತ್ತು ವರ್ಷ ನಡೆದ ಪತ್ರವ್ಯವಹಾರದಲ್ಲಿ. ಶನೂಟ್ ರೈಲ್ವೆ ಮಾರ್ಗ ಮತ್ತು ಸೇತುವೆಗಳನ್ನು ಕಟ್ಟಿ ಹೆಸರಾದ ಎಂಜಿನಿಯರ್. ಹಾರಾಟದ ಪ್ರಯತ್ನಗಳನ್ನೆಲ್ಲ ಒಂದೆಡೆ ತಂದ ಅವರ ಗ್ರಂಥ 1894ರಲ್ಲಿ ಬಂದಿತ್ತು. 1900ರ ಮೇ 13ರಂದು 33 ವರ್ಷದ ವಿಲ್ಬರ್ 68 ವರ್ಷದ ಈ ಹಿರಿಯರಿಗೆ ಮೊದಲ ಪತ್ರ ಬರೆದು, ಮನುಷ್ಯ ಹಾರಬಲ್ಲನೆಂಬ ನಂಬಿಕೆ ಒಂದು ಕಾಯಿಲೆಯಂತೆ ತಮ್ಮನ್ನು ಹಿಡಿದಿದೆಯೆಂದೂ, ಅದಕ್ಕಾಗಿ ಪ್ರಾಣವಲ್ಲದಿದ್ದರೂ ಹಣವನ್ನಂತೂ ತೆರಬೇಕಾದೀತೆಂದೂ ಹೇಳಿಕೊಂಡರು. ಅಂದಿನಿಂದ ಇಬ್ಬರ ನಡುವೆ ಓಡಾಡಿದ ಪತ್ರಗಳು ನೂರಾರು.

ಇವನ್ನು ದಿನಾಂಕದ ಕ್ರಮದಲ್ಲಿ ಓದುತ್ತ ಹೋದರೆ ಶೋಧ ಹೇಗೆ ನಡೆಯಿತೆಂಬುದು ಕಣ್ಣಿಗೆ ಕಟ್ಟುತ್ತದೆ. 1901ರ ಬೇಸಿಗೆಯಲ್ಲಿ ಎಂಜಿನ್ ಇಲ್ಲದ ಗ್ಲೈಡರ್ ಲೆಕ್ಕಾಚಾರದಂತೆ ಏಳದೆ ಹೋದಾಗಿನ ನಿರಾಸೆ, ಗ್ಲೈಡರ್ ಹಾರಾಟದಲ್ಲಿ ಮೊದಲಿಗರಾದ ಜರ್ಮನಿಯ ಆಟೋ ಲಿಲಿಯೆಂಥಾಲ್ ರೆಕ್ಕೆಯ ಎತ್ತುವ ಬಲವನ್ನು ಲೆಕ್ಕಹಾಕಿದ್ದ ಕೋಷ್ಟಕಗಳ ಬಗ್ಗೆ ಮೂಡಿದ ಅನುಮಾನ, ಆ ಚಳಿಗಾಲದ ಮೊದಲಲ್ಲಿ ಅಂಗಡಿಯಲ್ಲೇ ಕಟ್ಟಿದ ಗಾಳಿಸುರಂಗದಲ್ಲಿ ಪುಟ್ಟ ರೆಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿ ಬಂದ ಅಂಕಿಗಳು, ಇವೆಲ್ಲ ಷಿಕಾಗೋಗೆ ಹೋಗುತ್ತಿದ್ದವು. ಅಲ್ಲಿಂದ ಪ್ರಶ್ನೆಗಳೂ ಪ್ರೋತ್ಸಾಹವೂ ಮರುಟಪಾಲಿನಲ್ಲಿ ಬರುತ್ತಿದ್ದವು. ಆ ವರ್ಷದ ಡಿಸೆಂಬರಿನಲ್ಲಿ, ಸಿರಿವಂತ ಆಂಡ್ರ್ಯೂ ಕಾರ್ನೆಗಿಗೆ ಬರೆದು ಧನಸಹಾಯ ಕೇಳಲೇ ಎಂದು ಶನೂಟ್ ವಿಚಾರಿಸಿದರು, ವಿಲ್ಬರ್ ಒಪ್ಪಲಿಲ್ಲ. ಸೋತ ಪ್ರಯೋಗವನ್ನೂ ತಪ್ಪಿದ ಲೆಕ್ಕವನ್ನೂ ಮುಚ್ಚಿಡದೆ ಬರೆದ ಇಂಥ ಪತ್ರಗಳು ಯಾವುದೇ ಸ್ಮಾರಕಕ್ಕಿಂತ ಬೆಲೆಯುಳ್ಳವು.

ಈ ಸ್ನೇಹ ಮುರಿದದ್ದೂ ಪತ್ರಗಳಲ್ಲೇ. ತಮ್ಮ ಪೇಟೆಂಟಿನ ರಕ್ಷಣೆಗಾಗಿ ಸಹೋದರರು ನ್ಯಾಯಾಲಯದ ಮೆಟ್ಟಿಲೇರಿದ್ದ ಕಾಲದಲ್ಲಿ, ರೆಕ್ಕೆಯ ತುದಿಯನ್ನು ತಿರುಚಿ ಸಮತೋಲ ಕಾಯುವ ಉಪಾಯ ಅವರಿಗಿಂತ ಮೊದಲೇ ಇತ್ತೆಂಬ ಶನೂಟ್ ಅವರ ಹೇಳಿಕೆ ಪತ್ರಿಕೆಯೊಂದರಲ್ಲಿ ಬಂತು. 1910ರ ಜನವರಿ 20ರಂದು ವಿಲ್ಬರ್ ವಿವರಣೆ ಕೇಳಿದರು. ಮೂರೇ ದಿನಕ್ಕೆ ಬರೆದ ಉತ್ತರದಲ್ಲಿ ಶನೂಟ್, ದೊಡ್ಡ ಸಂಪತ್ತಿನ ಆಸೆ ಗೆಳೆಯನ ವಿವೇಕವನ್ನು ಮಂಕಾಗಿಸಿದೆ ಎಂದುಬಿಟ್ಟರು. ಜನವರಿ 29ರ ವಿಲ್ಬರ್ ಪತ್ರದಲ್ಲಿ ಹಳೆಯ ನೋವುಗಳೆಲ್ಲ ಹೊರಬಂದವು. 1903ರಲ್ಲಿ ಪ್ಯಾರಿಸ್ಸಿನಲ್ಲಿ ಶನೂಟ್ ಮಾಡಿದ ಭಾಷಣದ ನಂತರ ತಮ್ಮನ್ನು ಅವರ ಶಿಷ್ಯರೆಂದು ಜನ ತಿಳಿಯತೊಡಗಿದ್ದು ಅವುಗಳಲ್ಲೊಂದು. ಏಪ್ರಿಲ್ ಕೊನೆಯಲ್ಲಿ ವಿಲ್ಬರ್ ಮೆತ್ತಗಾಗಿ ಮತ್ತೆ ಬರೆದರು. ಯೂರೋಪಿನಿಂದ ಮರಳಿದ ಮೇಲೆ ಹಿಂದಿನ ಬಾಂಧವ್ಯ ಮುಂದುವರಿಯಲೆಂದು ಶನೂಟ್ ಮೇ ತಿಂಗಳಲ್ಲಿ ಹಾರೈಸಿದರು. ನವೆಂಬರ್ 23ರಂದು ಅವರು ತೀರಿಕೊಂಡರು. ಎರಡೂ ಕಡೆಯ ಕಾಗದಗಳು ಉಳಿದು ಇಂದು ಒಂದೇ ಗ್ರಂಥಾಲಯದಲ್ಲಿರುವುದರಿಂದ ಈ ಮನಸ್ತಾಪವನ್ನು ಒಬ್ಬರ ಬಾಯಿಂದಷ್ಟೇ ಕೇಳುವ ಪ್ರಮೇಯವಿಲ್ಲ. ಒಂದು ಪಕ್ಷವೇ ಸರಿಯೆಂದು ತೀರ್ಪು ಕೊಡುವವರು ಆ ಐದಾರು ಪತ್ರಗಳನ್ನು ಪೂರ್ತಿ ಓದಬೇಕು.

ಮುಂದಿನ ನಾಲ್ಕು ದಶಕಗಳದ್ದು ಬಹುಮಟ್ಟಿಗೆ ಮೌನ ಮತ್ತು ಮುನಿಸಿನ ಕತೆ. ವಿಲ್ಬರ್ 1912ರಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡರು; ಮರುವರ್ಷ ಡೇಟನ್ನನ್ನು ಮುಳುಗಿಸಿದ ಪ್ರವಾಹದಲ್ಲಿ ಅವರ ಫೋಟೋಗಳ ಗಾಜಿನ ನೆಗೆಟಿವ್‌ಗಳು ಕೆಸರುನೀರು ಕುಡಿದವು; 1914ರಲ್ಲಿ, ಸ್ಮಿತ್ಸೋನಿಯನ್ನಿನ ಮುಖ್ಯಸ್ಥರಾಗಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅವರ ಹಳೆಯ ಯಂತ್ರವನ್ನು ಮಾರ್ಪಡಿಸಿ ಹಾರಿಸಿ, ಮೊದಲು ಹಾರಬಲ್ಲದ್ದಾಗಿದ್ದುದು ಅದೇ ಎಂಬ ಫಲಕವನ್ನು ಆ ಸಂಸ್ಥೆಯಲ್ಲಿ ಹಾಕಲಾಯಿತು. ನೊಂದ ಆರ್ವಿಲ್ 1928ರಲ್ಲಿ ತಮ್ಮ 1903ರ ವಿಮಾನವನ್ನೇ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿಬಿಟ್ಟರು. ಸ್ಮಿತ್ಸೋನಿಯನ್ ಆ ಮಾರ್ಪಾಡುಗಳನ್ನೆಲ್ಲ ಪಟ್ಟಿ ಮಾಡಿ ಒಪ್ಪಿಕೊಂಡಿದ್ದು 1942ರಲ್ಲಿ. ಇಷ್ಟು ವರ್ಷವೂ ಪತ್ರಗಳು ಆರ್ವಿಲ್ ಅವರ ಸುಪರ್ದಿಯಲ್ಲೇ ಇದ್ದವು. ಎಲ್ಲರೂ ಕಾದಿದ್ದ ಅವರ ಸ್ವಂತ ಬರವಣಿಗೆಯ ಇತಿಹಾಸ ಗ್ರಂಥ ಬರಲೇ ಇಲ್ಲ. ಆ ಪತ್ರಗಳು ಇಪ್ಪತ್ತು ವರ್ಷ ಮೊದಲೇ ವಿದ್ವಾಂಸರ ಮೇಜಿಗೆ ಬಂದಿದ್ದರೆ ಎಷ್ಟೋ ವಾಗ್ವಾದ ಹುಟ್ಟುತ್ತಲೇ ಇರಲಿಲ್ಲ ಎನಿಸದೆ ಇರದು.

1948ರ ಜನವರಿ 30ರಂದು ಆರ್ವಿಲ್ ನಿಧನರಾದರು. ಮರುವರ್ಷ ಅವರ ಉಯಿಲಿನ ನಿರ್ವಾಹಕರು ಕಾಗದಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಒಪ್ಪಿಸಿದರು. ಮೊದಲ ಹಾರಾಟಕ್ಕೆ 50 ವರ್ಷ ತುಂಬಿದ 1953ರಲ್ಲಿ, ಮಾರ್ವಿನ್ ಮ್ಯಾಕ್‌ಫಾರ್ಲೆಂಡ್ ಸಂಪಾದಿಸಿದ ಎರಡು ಸಂಪುಟಗಳ ಆಯ್ಕೆ ಹೊರಬಂತು. ಈಗ ಈ ಸಂಗ್ರಹದ 10 ಸಾವಿರಕ್ಕೂ ಹೆಚ್ಚು ದಾಖಲೆಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಮೊದಲ ಹಾರಾಟದ ದಿನವಾದ 1903ರ ಡಿಸೆಂಬರ್ 17ರಂದು ತಂದೆಗೆ ಕಳುಹಿಸಿದ ತಂತಿಯೂ ಅಲ್ಲಿದೆ: 59 ಸೆಕೆಂಡಿನ ಹಾರಾಟ ಅದರಲ್ಲಿ 57 ಆಗಿದೆ, ಆರ್ವಿಲ್ ಹೆಸರಿನ ಅಕ್ಷರಗಳೂ ತಪ್ಪಿವೆ. ನಂತರ ಬಂದ ಎಷ್ಟೋ ಬರಹಗಳ ಅಂಕಿ ವ್ಯತ್ಯಾಸಕ್ಕೆ ಮೂಲ ಹುಡುಕುವವರಿಗೆ ಇಂಥ ಒಂದು ಹಾಳೆ ಸಾಕು.

1906ರಲ್ಲಿ ಮಂಜೂರಾದ ಪೇಟೆಂಟಿನ ಕಡತಕ್ಕೆ ಮಾತ್ರ ಅಂಥ ಭದ್ರತೆ ಸಿಗಲಿಲ್ಲ. 1980ರ ಹೊತ್ತಿಗೆ ಕಾಣೆಯಾದ ಅದು, 2016ರಲ್ಲಿ ಕಾನ್ಸಾಸ್ ರಾಜ್ಯದ ಲೆನೆಕ್ಸಾದಲ್ಲಿ, ಸುಣ್ಣಕಲ್ಲಿನ ಗುಹೆಯೊಳಗಿನ ಸರ್ಕಾರಿ ಉಗ್ರಾಣದಲ್ಲಿ ಸಿಕ್ಕಿತು. ಯಾರೂ ಕದ್ದಿರಲಿಲ್ಲ, ತಪ್ಪಾದ ಜಾಗದಲ್ಲಿ ಇಟ್ಟಿದ್ದರಷ್ಟೆ.

ಇಷ್ಟಾದರೂ ವಿವಾದ ಮುಗಿದಿಲ್ಲ. 1948ರಲ್ಲಿ ವಿಮಾನ ಲಂಡನ್ನಿನಿಂದ ಮರಳಿದಾಗ ಆರ್ವಿಲ್ ಅವರ ವಾರಸುದಾರರ ಪರವಾಗಿ ಸ್ಮಿತ್ಸೋನಿಯನ್ ಜೊತೆ ಒಂದು ಕರಾರು ಆಯಿತು. ಇದಕ್ಕಿಂತ ಮೊದಲೇ ಬೇರೆ ಯಂತ್ರವೊಂದು ಮನುಷ್ಯನನ್ನು ಹೊತ್ತು ನಿಯಂತ್ರಣದಲ್ಲಿ ಹಾರಬಲ್ಲದ್ದಾಗಿತ್ತೆಂದು ಸಂಸ್ಥೆ ಹೇಳಿದರೆ ವಿಮಾನವನ್ನು ಕಳೆದುಕೊಳ್ಳಬೇಕೆಂಬ ಷರತ್ತು ಅದರಲ್ಲಿದೆ. ಕನೆಕ್ಟಿಕಟ್‌ನಲ್ಲಿ 1901ರಲ್ಲೇ ಗುಸ್ಟಾವ್ ವೈಟ್‌ಹೆಡ್ ಹಾರಿದರೆಂಬ ವಾದಕ್ಕೆ 2013ರಲ್ಲಿ ಮತ್ತೆ ಬಲ ಬಂದಾಗ, ಆ ಪಕ್ಷದವರು ಎತ್ತಿ ತೋರಿಸಿದ್ದು ಇದನ್ನೇ. ಅವರ ಆಕ್ಷೇಪದಲ್ಲಿ ಹುರುಳಿದೆ: ಇತಿಹಾಸ ಹೇಳಬೇಕಾದ ಸಂಸ್ಥೆಯ ಬಾಯಿಗೆ ಕರಾರು ಅಡ್ಡ ಬರಬಾರದಿತ್ತು. ಆದರೆ ರೈಟ್ ಸಹೋದರರ ಹಕ್ಕು ನಿಂತಿರುವುದು ಆ ಷರತ್ತಿನ ಮೇಲಲ್ಲ. ಅದರ ಸುಳಿವೂ ಇಲ್ಲದ 1900ರಿಂದ 1905ರ ನಡುವೆ, ಲೆಕ್ಕ, ಗಾಳಿಯ ವೇಗ, ದಿನಾಂಕ ಸಮೇತ ಬರೆದ ಪತ್ರಗಳು ಮತ್ತು ಟಿಪ್ಪಣಿಗಳು ಬೇರೊಂದು ಗ್ರಂಥಾಲಯದಲ್ಲಿ ತೆರೆದಿವೆ. ವೈಟ್‌ಹೆಡ್ ಪರವಾಗಿ ವಾದಿಸುವವರು ಆ ಮಟ್ಟದ ಸಮಕಾಲೀನ ದಾಖಲೆಯನ್ನು ಇನ್ನೂ ಮುಂದಿಟ್ಟಿಲ್ಲ.